ಎರಡು ಪದ ಕೂಡಿದಾಗ ಅರ್ಥ ಹುಟ್ಟುವ ಬಗೆ



ದುಡಿಮೆಗಾಗಿ ಊರು ಬಿಟ್ಟು ಪರಭಾಷೆಯ ನಾಡಿಗೆ ಬಂದ ನಮಗೆ ಹೊಸ ಮಾತುಗಳ ಕಾಟ ದಿನವೂ ಇದ್ದದ್ದೇ. ಆದರೆ ತುಸು ವಿಚಾರ ಮಾಡಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಪೂರಾ ಹೊಸ ಪದ ಬಂದಾಗ ನಾವು ಪಕ್ಕದವರನ್ನು ಕೇಳಿ ತಿಳಿದುಕೊಳ್ಳುತ್ತೇವೆ. ಗೊತ್ತಿರುವ ಪದಗಳೇ ಎರಡು ಜೊತೆಗೂಡಿ ಬಂದಾಗ ಮಾತ್ರ ಕೇಳುವುದಿಲ್ಲ. ಎರಡೂ ಬಲ್ಲ ಮಾತೇ ತಾನೆ ಎಂದು ನಮ್ಮಷ್ಟಕ್ಕೆ ನಾವೇ ಅರ್ಥ ಕಟ್ಟಿಕೊಂಡು ಮುಂದೆ ಸಾಗುತ್ತೇವೆ. ಬಹುಪಾಲು ಸಲ ಆ ಅರ್ಥ ಸರಿಯಾಗಿಯೇ ಇರುತ್ತದೆ. ಎಲ್ಲೋ ಕೆಲವು ಸಲ ತಪ್ಪುತ್ತದೆ. ತಪ್ಪಿದಾಗ ಪಗಾರಕ್ಕೋ ಉಳಿತಾಯಕ್ಕೋ ಪೆಟ್ಟು ಬೀಳುತ್ತದೆ.

ಯಾರೂ ಹೇಳಿಕೊಡದೆ ಸರಿಯಾದ ಅರ್ಥ ಹೊಳೆಯುವುದು ಹೇಗೆ, ಅದು ತಪ್ಪುವುದು ಎಲ್ಲಿ, ತಪ್ಪದಂತೆ ನೋಡಿಕೊಳ್ಳಲು ಶಾಲೆಯಲ್ಲಿ ಕಲಿತ ಒಂದು ಹಳೆಯ ಪಾಠ ಹೇಗೆ ಒದಗುತ್ತದೆ ಎಂಬುದನ್ನು ಇಲ್ಲಿ ನೋಡೋಣ. ನಾನು ಗಿರಣಿಯ ಗುಮಾಸ್ತ, ಮೆಟ್ರಿಕ್ಕಿನಾಚೆ ಓದಿದವನಲ್ಲ. ಆದಕಾರಣ ಪಂಡಿತರ ಪರಿಭಾಷೆಯನ್ನು ಆದಷ್ಟು ಬಿಟ್ಟು, ಮನೆಯ ಮಾತಿನಲ್ಲೇ ಹೇಳುತ್ತೇನೆ.

೧. ಒಂದೇ ಎಣ್ಣೆ, ಬೇರೆ ಬೇರೆ ಹೆಸರು

ದೀಪಕ್ಕೂ ಸ್ಟೋವಿಗೂ ನಮ್ಮ ಹಿರಿಯರು ಸುರಿಯುತ್ತಿದ್ದ ಎಣ್ಣೆಯನ್ನೇ ತೆಗೆದುಕೊಳ್ಳಿ. ಮೈಸೂರು ಕಡೆಯವರು ಅದನ್ನು ಸೀಮೆಎಣ್ಣೆ ಎನ್ನುತ್ತಾರೆ. ಸೀಮೆಯೆಂದರೆ ಇಲ್ಲಿ ಹೊರದೇಶ. ಸೀಮೆಯಿಂದ ಬಂದ ಎಣ್ಣೆ ಎಂದು ಅರ್ಥ. ಧಾರವಾಡದ ಕಡೆಯವರು ಚಿಮಣಿ ಎಣ್ಣೆ ಎನ್ನುತ್ತಾರೆ. ಚಿಮಣಿ ದೀಪಕ್ಕೆ ಹಾಕುವ ಎಣ್ಣೆ. ಚೆನ್ನೈಯಲ್ಲಿ ತಮಿಳರು ಮಣ್ಣೆಣ್ಣೆಯ್ ಎಂದರೆ, ದಿಲ್ಲಿಯಲ್ಲಿ ಹಿಂದಿಯವರು ಮಿಟ್ಟೀ ಕಾ ತೇಲ್ ಎನ್ನುತ್ತಾರೆ. ಎರಡೂ ಮಣ್ಣಿನ ಎಣ್ಣೆಯೇ, ನೆಲದೊಳಗಿನಿಂದ ತೆಗೆದದ್ದು. ವಸ್ತು ಒಂದೇ. ಒಬ್ಬರು ಅದು ಬಂದ ದಾರಿಯನ್ನು ನೋಡಿ ಹೆಸರಿಟ್ಟರು, ಒಬ್ಬರು ಅದರ ಉಪಯೋಗವನ್ನು ನೋಡಿ, ಮತ್ತೊಬ್ಬರು ಅದು ಹುಟ್ಟಿದ ಜಾಗವನ್ನು ನೋಡಿ.

ಇಲ್ಲಿ ಗಮನಿಸಬೇಕಾದದ್ದು ಇಷ್ಟು: ‘ಬಂದ’, ‘ಹಾಕುವ’, ‘ತೆಗೆದ’ ಎಂಬ ಮಾತುಗಳು ಹೆಸರಿನಲ್ಲಿ ಎಲ್ಲಿಯೂ ಇಲ್ಲ. ಎರಡು ಪದಗಳನ್ನು ಬೆಸೆಯುವ ಕೊಂಡಿಯನ್ನು ಹೇಳುವವರು ಹೇಳುವುದಿಲ್ಲ, ಕೇಳುವವರು ತಾವೇ ತುಂಬಿಕೊಳ್ಳುತ್ತಾರೆ. ಎಳ್ಳೆಣ್ಣೆ ಎಳ್ಳಿನಿಂದ ತೆಗೆದದ್ದು. ತಲೆಯೆಣ್ಣೆ ತಲೆಗೆ ಹಚ್ಚುವುದು. ನೋವಿನೆಣ್ಣೆ ನೋವನ್ನು ಕಳೆಯುವುದು. ಎಳ್ಳೆಣ್ಣೆಯ ಲೆಕ್ಕವನ್ನೇ ತಲೆಯೆಣ್ಣೆಗೂ ಹಾಕಿದರೆ ಎಂಥ ಘೋರ ಅರ್ಥ ಬರುತ್ತದೆಂಬುದನ್ನು ನೀವೇ ಊಹಿಸಿ! ಆದರೂ ಐದು ವರ್ಷದ ಮಗು ಕೂಡ ಇಲ್ಲಿ ತಪ್ಪುವುದಿಲ್ಲ.

೨. ವ್ಯಾಕರಣದ ಹಳೆಯ ಪಾಠ

‘ವಿಗ್ರಹಿಸಿ, ಸಮಾಸದ ಹೆಸರನ್ನು ತಿಳಿಸಿರಿ’ ಎಂಬ ಪರೀಕ್ಷೆಯ ಪ್ರಶ್ನೆ ಹಲವರಿಗೆ ನೆನಪಿರಬಹುದು. ಎರಡು ಪದಗಳು ನಡುವಣ ವಿಭಕ್ತಿಯನ್ನು ಕಳೆದುಕೊಂಡು ಒಂದಾದರೆ ಸಮಾಸ. ಕಳೆದದ್ದನ್ನು ಮತ್ತೆ ತಂದಿಟ್ಟು ಬಿಡಿಸಿ ಹೇಳಿದರೆ ವಿಗ್ರಹವಾಕ್ಯ. ‘ಅರಮನೆ’ಯನ್ನು ಬಿಡಿಸಿದರೆ ಅರಸನ ಮನೆ. ‘ಹಗಲುಗನಸು’ ಬಿಡಿಸಿದರೆ ಹಗಲಿನಲ್ಲಿ ಕನಸು. ‘ದೇಶಭ್ರಷ್ಟ’ ಬಿಡಿಸಿದರೆ ದೇಶದಿಂದ ಭ್ರಷ್ಟನಾದವನು. ‘ಕೃಷ್ಣಾರ್ಪಣ’ ಬಿಡಿಸಿದರೆ ಕೃಷ್ಣನಿಗೆ ಅರ್ಪಣ. ಅಂಕಕ್ಕಾಗಿ ಬಾಯಿಪಾಠ ಮಾಡಿದ ಈ ವಿದ್ಯೆ ಮನಸ್ಸು ದಿನವೂ ಗುಟ್ಟಾಗಿ ಮಾಡುವ ಕೆಲಸವೇ ಆಗಿದೆ.

ನಮ್ಮ ದೇಶದ ವೈಯಾಕರಣರು ಇದನ್ನು ಬಹು ಹಿಂದೆಯೇ ಕಂಡಿದ್ದರು. ಪದಗಳು ಅಕ್ಕಪಕ್ಕ ನಿಂತ ಮಾತ್ರಕ್ಕೆ ಸಮಾಸವಾಗದು, ಅವುಗಳ ಅರ್ಥಗಳಲ್ಲಿ ಪರಸ್ಪರ ಸಂಬಂಧವಿರಬೇಕು ಎಂಬ ನಿಯಮವನ್ನು ಪಾಣಿನಿ ಸಮಾಸ ಪ್ರಕರಣದ ಮೊದಲಿಗೇ ಇಟ್ಟಿದ್ದಾನೆ. ನಡುವಣ ವಿಭಕ್ತಿ ಮಾತ್ರವಲ್ಲ, ಒಂದು ಇಡೀ ಪದವೇ ಬಿದ್ದುಹೋಗುವುದಕ್ಕೆ ಮಧ್ಯಮಪದಲೋಪವೆಂದು ಹೆಸರು. ‘ಶಾಕಪಾರ್ಥಿವ’ ಎಂಬುದು ಇದರ ಪ್ರಸಿದ್ಧ ಉದಾಹರಣೆ. ಪದಶಃ ನೋಡಿದರೆ ‘ತರಕಾರಿ ದೊರೆ’; ಬಿಡಿಸಿದರೆ ತರಕಾರಿಯಲ್ಲಿ ಪ್ರೀತಿಯುಳ್ಳ ದೊರೆ. ‘ಪ್ರೀತಿ’ ಎಂಬ ನಡುವಣ ಮಾತು ಮಾಯವಾಗಿದೆ. ಕನ್ನಡದಲ್ಲಿ ೧೩ನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಮಾಸಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಬೆರೆಸಿ ಸಮಾಸ ಮಾಡಕೂಡದು, ಮಾಡಿದರೆ ಅದು ಅರಿಸಮಾಸ ಎಂಬುದು ಅವನ ಕಟ್ಟುನಿಟ್ಟು. ಇಂದು ನಾವು ರೈಲುಗಾಡಿ, ಬ್ಯಾಂಕುಖಾತೆ ಎಂದು ಯಾವ ಅಳುಕೂ ಇಲ್ಲದೆ ಬೆರೆಸುತ್ತೇವೆ. ಕೊಂಡಿ ಸಿಕ್ಕಿದರೆ ಪದ ಯಾವ ಕುಲದ್ದೆಂದು ಮನಸ್ಸು ವಿಚಾರಿಸುವುದಿಲ್ಲ.

ಪಶ್ಚಿಮದ ವಿದ್ವಾಂಸರೂ ಕಳೆದ ಶತಮಾನದಲ್ಲಿ ಇದೇ ಹಾದಿಗೆ ಬಂದರು. ೧೯೭೮ರಲ್ಲಿ ಜೂಡಿತ್ ಲೆವಿ ಎಂಬ ಭಾಷಾಶಾಸ್ತ್ರಜ್ಞೆ ಇಂಗ್ಲಿಷಿನ ಇಂಥ ಜೋಡುಪದಗಳನ್ನು ಪರಿಶೀಲಿಸಿ, ನಡುವೆ ಬಿದ್ದುಹೋಗುವ ಸಂಬಂಧಗಳನ್ನು ಒಂಬತ್ತು ಬಗೆಯಾಗಿ ಪಟ್ಟಿಮಾಡಿದರು: ಉಂಟುಮಾಡುವುದು, ಹೊಂದಿರುವುದು, ತಯಾರಾಗುವುದು, ಬಳಸುವುದು, ಆಗಿರುವುದು, ಒಳಗಿರುವುದು, ಸಲುವಾಗಿರುವುದು, ಮೂಲದಿಂದ ಬರುವುದು, ವಿಷಯವಾಗಿರುವುದು. ನಮ್ಮ ವಿಭಕ್ತಿಗಳೊಡನೆ ಹೋಲಿಸಿ ನೋಡಿ: ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಎರಡೂ ಪಟ್ಟಿಗಳು ಎಷ್ಟೋ ಕಡೆ ಒಂದರ ಮೇಲೊಂದು ಕೂಡುತ್ತವೆ.

೩. ಮನಸ್ಸು ಕೊಂಡಿಯನ್ನು ಹುಡುಕುವ ಬಗೆ

ಪಟ್ಟಿಯೇನೋ ಸಿಕ್ಕಿತು. ಆದರೆ ಒಂಬತ್ತರಲ್ಲಿ ಯಾವುದನ್ನು ಆರಿಸಬೇಕೆಂದು ಕಣ್ಣುಮಿಟುಕಿಸುವುದರೊಳಗೆ ನಮಗೆ ತಿಳಿಯುವುದು ಹೇಗೆ? ಇದಕ್ಕೆ ಐದು ಸಹಾಯಗಳಿವೆ.

ಮೊದಲನೆಯದು ಪದಗಳ ಸ್ಥಾನ. ಕನ್ನಡದಲ್ಲಿ ಸಾಮಾನ್ಯವಾಗಿ ಕೊನೆಯ ಪದವೇ ಯಜಮಾನ. ಎಣ್ಣೆಗಾಣವೆಂದರೆ ಗಾಣ, ಗಾಣದೆಣ್ಣೆಯೆಂದರೆ ಎಣ್ಣೆ. ಕೈಗಡಿಯಾರ, ಗೋಡೆಗಡಿಯಾರ, ಮರಳುಗಡಿಯಾರ ಮೂರೂ ಗಡಿಯಾರಗಳೇ. ಇದಕ್ಕೆ ಹೊರತಾದವೂ ಉಂಟು. ಗಿಡಮರದಲ್ಲಿ ಇಬ್ಬರೂ ಸಮಾನರು, ಅದು ದ್ವಂದ್ವ. ಅಂಗೈಯಲ್ಲಿ ಕೈಯ ಒಂದು ಭಾಗಕ್ಕೆ ಮಹತ್ವ, ಅದು ಅಂಶಿ. ಮುಕ್ಕಣ್ಣ ಎಂದರೆ ಕಣ್ಣಲ್ಲ, ಮೂರು ಕಣ್ಣುಳ್ಳ ಶಿವ; ಎರಡೂ ಪದಗಳಾಚೆಗಿನ ಮೂರನೆಯವನು ಯಜಮಾನ, ಅದು ಬಹುವ್ರೀಹಿ.

ಎರಡನೆಯದು ಮೊದಲ ಪದದ ರೂಢಿ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಇವನ್ನು ಕೇಳಿದವರಿಗೆ ‘ಸೀಮೆ’ ಬಂದೊಡನೆ ‘ಹೊರಗಿನಿಂದ ಬಂದ’ ಎಂಬ ಕೊಂಡಿ ತಾನಾಗಿ ಸಿದ್ಧವಾಗುತ್ತದೆ. ಕಾಡುಹಂದಿ, ಕಾಡುಕೋಳಿ, ಕಾಡುಕೋಣ ಎಂದಾಗ ‘ಕಾಡಿನಲ್ಲಿರುವ’ ಎಂಬ ಕೊಂಡಿ. ೧೯೯೭ರಲ್ಲಿ ಕ್ರಿಸ್ಟೀನಾ ಗ್ಯಾನ್ಯೆ ಮತ್ತು ಎಡ್ವರ್ಡ್ ಶೋಬನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗದಿಂದ ತೋರಿಸಿದರು. ಜೋಡುಪದಗಳನ್ನು ಜನರ ಮುಂದಿಟ್ಟು, ಇದಕ್ಕೆ ಅರ್ಥವುಂಟೇ ಎಂದು ಕೇಳಿ, ಉತ್ತರಕ್ಕೆ ಹಿಡಿದ ಕಾಲವನ್ನು ಅಳೆದರು. ಬೆಟ್ಟ ಎಂಬ ಪದ ಸಾಮಾನ್ಯವಾಗಿ ಸ್ಥಳವನ್ನು ಸೂಚಿಸುವಂಥದು. ಆದುದರಿಂದ ‘ಬೆಟ್ಟದ ಮೋಡ’ದಂಥ ಜೋಡಿ ಬೇಗ ಅರ್ಥವಾಯಿತು, ಬೆಟ್ಟವನ್ನು ಕುರಿತ ಪತ್ರಿಕೆ ಎಂಬರ್ಥದ ‘ಬೆಟ್ಟದ ಪತ್ರಿಕೆ’ಯಂಥ ಜೋಡಿಗೆ ಹೆಚ್ಚು ಕಾಲ ಹಿಡಿಯಿತು. ಸವೆದ ಹಾದಿಯಲ್ಲಿ ಕಾಲು ಬೇಗ ಸಾಗುತ್ತದೆ. ಆದರೆ ರೂಢಿಯನ್ನೇ ಪೂರ್ತಿ ನಂಬುವಂತಿಲ್ಲ. ‘ಕಾಡುಹರಟೆ’ ಕಾಡಿನಲ್ಲಿ ನಡೆಯುವ ಹರಟೆಯಲ್ಲವೆಂಬುದು ನಮ್ಮ ಚಾಳು-ಖೋಲಿಗಳಲ್ಲಿರುವವರಿಗೆಲ್ಲ ಚೆನ್ನಾಗಿ ಗೊತ್ತು!

ಮೂರನೆಯದು ಲೋಕಾನುಭವ. ೧೯೮೧ರಲ್ಲಿ ಡೇನಿಯಲ್ ಓಷರ್ಸನ್ ಮತ್ತು ಎಡ್ವರ್ಡ್ ಸ್ಮಿತ್ ಎಂಬವರು ಒಂದು ತೊಡಕನ್ನು ಮುಂದಿಟ್ಟರು. ಸಾಕುಪ್ರಾಣಿ ಎಂದರೆ ನಮ್ಮ ಕಣ್ಣಮುಂದೆ ಬರುವುದು ನಾಯಿ, ಬೆಕ್ಕು. ಮೀನು ಎಂದರೆ ಬಂಗಡೆಯಂಥದು. ಹಾಗಾದರೆ ‘ಸಾಕುಮೀನು’ ಎಂದಾಗ ನಾಯಿಗೂ ಬಂಗಡೆಗೂ ನಡುವಣದೊಂದು ಪ್ರಾಣಿ ಕಾಣಬೇಕಿತ್ತು. ಕಾಣುವುದು ಗಾಜಿನ ತೊಟ್ಟಿಯಲ್ಲಿ ಓಡಾಡುವ ಬಣ್ಣದ ಪುಟ್ಟ ಮೀನು. ಅದು ಸಾಕುಪ್ರಾಣಿಗಳಲ್ಲಿ ಮಾದರಿಯದಲ್ಲ, ಮೀನುಗಳಲ್ಲೂ ಮಾದರಿಯದಲ್ಲ. ಸಾಕುಮೀನಿಗೆ ಮಾತ್ರ ತಕ್ಕ ಮಾದರಿ. ೧೯೮೮ರಲ್ಲಿ ಡಗ್ಲಸ್ ಮೆಡಿನ್ ಮತ್ತು ಶೋಬನ್ ಇನ್ನೊಂದನ್ನು ತೋರಿಸಿದರು. ಚಮಚವೆಂದರೆ ಚಿಕ್ಕದೆಂದು ಎಣಿಸುವ ಜನರೇ ಮರದ ಚಮಚವೆಂದರೆ ದೊಡ್ಡದೆಂದು ಎಣಿಸುತ್ತಾರೆ. ‘ಮರ’ ಎಂಬ ಮಾತಿನಲ್ಲಿ ಗಾತ್ರದ ಸುದ್ದಿಯೇ ಇಲ್ಲ. ಅಡುಗೆಮನೆಯ ಅನುಭವ ಒಳಬಂದು ಅದನ್ನು ದೊಡ್ಡದು ಮಾಡುತ್ತದೆ. ಎರಡು ಅರ್ಥಗಳನ್ನು ಜಮಾಖರ್ಚಿನ ಅಂಕಿಗಳಂತೆ ಕೂಡಿಸಿದರೆ ಈ ಮೊತ್ತ ಬಾರದು.

ನಾಲ್ಕನೆಯದು ಹೋಲಿಕೆ. ಎರಡೂ ಒಂದೇ ಜಾತಿಯ ವಸ್ತುಗಳಾಗಿದ್ದರೆ ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸಿ ಅರ್ಥಮಾಡುವ ಸಂಭವ ಹೆಚ್ಚೆಂದು ೧೯೯೬ರಲ್ಲಿ ಎಡ್ವರ್ಡ್ ವಿಸ್ನ್ಯೂಸ್ಕಿ ತೋರಿಸಿದರು. ಕೆರೆಮೀನು ಕೆರೆಯಲ್ಲಿರುವ ಮೀನು. ಕೆರೆಗೂ ಮೀನಿಗೂ ಹೋಲಿಕೆಯಿಲ್ಲ, ಸಂಬಂಧವಿದೆ. ಹಾವುಮೀನು ಹಾವಿನಲ್ಲಿರುವ ಮೀನಲ್ಲ, ಹಾವಿನಂತೆ ಉದ್ದವಾಗಿರುವ ಮೀನು. ಎರಡೂ ಜೀವಿಗಳಾದ್ದರಿಂದ ಹೋಲಿಸುವುದು ಸುಲಭ. ನಮ್ಮ ಕವಿಗಳ ‘ಅಡಿದಾವರೆ’ಯೂ ಇಂಥದೇ, ತಾವರೆಯಂತಹ ಪಾದ.

ಐದನೆಯದು ಸಂದರ್ಭ. ೧೯೭೭ರಲ್ಲಿ ಪಮೇಲ ಡೌನಿಂಗ್ ಎಂಬವರು ಒಂದು ಸ್ವಾರಸ್ಯವಾದ ಉದಾಹರಣೆ ಕೊಟ್ಟರು. ಬೆಳಗಿನ ತಿಂಡಿಗೆ ಬಂದ ಅತಿಥಿಗೆ ‘ಸೇಬಿನರಸದ ಕುರ್ಚಿ’ಯಲ್ಲಿ ಕುಳಿತುಕೊಳ್ಳಿ ಎಂದರಂತೆ. ಹಾಗೆಂದರೇನು? ಮೇಜಿನ ಮೇಲೆ ಉಳಿದ ಕಡೆ ಕಿತ್ತಳೆರಸ, ಒಂದು ಕುರ್ಚಿಯ ಮುಂದೆ ಮಾತ್ರ ಸೇಬಿನರಸ ಇಟ್ಟಿತ್ತು. ಅಲ್ಲಿದ್ದವರಿಗೆ ಅರ್ಥ ನಿಚ್ಚಳ. ನಿಘಂಟಿನಲ್ಲಿ ಹುಡುಕಿದರೆ ಎಂದಿಗೂ ಸಿಗದು. ಇಂಥ ಕೊಂಡಿಗಳನ್ನೆಲ್ಲ ಯಾವ ಪಟ್ಟಿಯಲ್ಲೂ ಹಿಡಿದಿಡಲಾಗದು ಎಂಬುದು ಅವರ ವಾದ. ನಮ್ಮ ಖಾನಾವಳಿಗಳಲ್ಲಿ ಬಡಿಸುವವನು ‘ಮೂರನೇ ಮೇಜಿನ ಪೂರಿಗೆ ನೀರು ಕೊಡು’ ಎಂದಾಗ ನೀರು ಪೂರಿಗಲ್ಲ, ಪೂರಿ ತಿನ್ನುವವರಿಗೆ ಎಂದು ಹುಡುಗನಿಗೆ ತಿಳಿಯುವುದೂ ಸಂದರ್ಭದಿಂದಲೇ.

ಈ ಐದರ ಬಲದಿಂದಲೇ ಭಾಷೆ ಬೆಳೆಯುತ್ತದೆ. ಪುರಾಣಗಳಲ್ಲಿ ಆಕಾಶವಾಣಿಯೆಂದರೆ ಅಶರೀರವಾಣಿ. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತೆರೆದ ರೇಡಿಯೋ ಕೇಂದ್ರ ಆ ಹೆಸರನ್ನೇ ತಳೆಯಿತು, ಮುಂದೆ ಅದು ದೇಶಕ್ಕೆಲ್ಲ ಹರಡಿತು. ಕಾಣದವರ ದನಿ ಗಾಳಿಯಲ್ಲಿ ತೇಲಿಬರುವ ಯಂತ್ರಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಜೇಬಿನಲ್ಲಿಟ್ಟುಕೊಂಡು ತಿರುಗುವ ದೂರವಾಣಿಗೆ ‘ಜಂಗಮವಾಣಿ’ ಎಂದದ್ದೂ ಹಾಗೆಯೇ. ಸ್ಥಾವರ-ಜಂಗಮ ಎಂಬ ಭೇದವನ್ನು ಬಲ್ಲ ಕನ್ನಡಿಗನಿಗೆ ಒಮ್ಮೆ ಕೇಳಿದರೆ ಸಾಕು.

೪. ಕೊಂಡಿ ತಪ್ಪುವ ಜಾಗ

ಇಷ್ಟು ಸಮರ್ಥವಾದ ಮನಸ್ಸು ತಪ್ಪುವುದೆಲ್ಲಿ? ನಮಗೆ ಅನುಭವವಿಲ್ಲದ ಕಡೆ. ತಲೆಯೆಣ್ಣೆಯ ವಿಷಯದಲ್ಲಿ ಲೋಕಾನುಭವ ನಮ್ಮನ್ನು ಕಾಯುತ್ತದೆ. ಕಚೇರಿಯ ಕಾಗದಗಳ ವಿಷಯದಲ್ಲಿ ಕಾಯುವವರಿಲ್ಲ. ಅಲ್ಲಿಯೂ ಮನಸ್ಸು ಸುಮ್ಮನಿರದೆ, ರೂಢಿಯ ಕೊಂಡಿಯನ್ನು ಎಳೆತಂದು ಹಾಕಿ, ಅರ್ಥವಾಯಿತೆಂದು ಸಮಾಧಾನ ಹೇಳಿಬಿಡುತ್ತದೆ.

ಗಿರಣಿಯ ‘ಬದಲಿ’ ಎಂಬ ಮಾತನ್ನೇ ನೋಡಿ. ಬದಲಿ ಕಾಮಗಾರನೆಂದರೆ ಗೈರುಹಾಜರಾದ ಇನ್ನೊಬ್ಬನ ಜಾಗದಲ್ಲಿ ದುಡಿಯುವವನು. ಬದಲಿ ರಜೆಯೆಂದರೆ ರಜೆಯ ದಿನ ದುಡಿದುದಕ್ಕೆ ಪ್ರತಿಯಾಗಿ ಇನ್ನೊಂದು ದಿನ ದೊರೆಯುವ ರಜೆ. ಹೊಸದಾಗಿ ಸೇರಿದ ಹುಡುಗ, ‘ಅಣ್ಣಾವ್ರೇ, ಬದಲಿ ರಜೆ ಬದಲಿಯವರಿಗೆ ಮಾತ್ರ ಅಲ್ಲವೇ?’ ಎಂದು ಕೇಳುವುದುಂಟು. ಕೇಳಿದವನು ರಜೆ ಪಡೆಯುತ್ತಾನೆ; ಕೇಳದೆ ತನ್ನದಲ್ಲವೆಂದು ಸುಮ್ಮನಾದವನು ಕಳೆದುಕೊಳ್ಳುತ್ತಾನೆ.

‘ಹಬ್ಬದ ಬೋನಸ್’ ಮತ್ತು ‘ಹಬ್ಬದ ಮುಂಗಡ’ ಒಂದೇ ಸಮಯದಲ್ಲಿ ಕೈಗೆ ಬರುತ್ತವೆ. ಎರಡರಲ್ಲೂ ‘ಹಬ್ಬದ’ ಎಂಬುದು ಒಂದೇ. ಯಜಮಾನ ಪದ ಬೇರೆ. ಮುಂಗಡವೆಂದರೆ ಮುಂದೆ ಪಗಾರದಲ್ಲಿ ಕಂತುಕಂತಾಗಿ ಮುರಿದುಕೊಳ್ಳುವ ಹಣ. ಹಬ್ಬದ ಸಂಭ್ರಮದಲ್ಲಿ ಮೊದಲ ಪದವನ್ನೇ ಓದಿ ಖರ್ಚು ಮಾಡಿದವನಿಗೆ ಮುಂದಿನ ತಿಂಗಳ ಪಗಾರಚೀಟಿ ಉಳಿದರ್ಧವನ್ನು ಓದಿಸುತ್ತದೆ.

ವಿಮೆಯ ಮಾತುಗಳು ಇನ್ನೂ ಸೂಕ್ಷ್ಮ. ಬೆಂಕಿ ವಿಮೆ ಬೆಂಕಿಯಿಂದಾದ ನಷ್ಟಕ್ಕೆ. ಬೆಳೆ ವಿಮೆ ಬೆಳೆಗೆ ಆದ ನಷ್ಟಕ್ಕೆ. ಮೊದಲನೆಯದರಲ್ಲಿ ಬೆಂಕಿ ಹಾನಿಮಾಡುವುದು, ಎರಡನೆಯದರಲ್ಲಿ ಬೆಳೆ ಹಾನಿಗೊಳ್ಳುವುದು, ಕೊಂಡಿ ತಿರುವುಮುರುವು. ‘ಸಾಲ ವಿಮೆ’ ಎಂದರೇನು? ಸಾಲ ತೀರಿಸಲಾಗದಿದ್ದರೆ ಹೇಗಾದರೂ ಮಾಫಿಯಾಗುವುದೆಂದು ಹಲವರ ಎಣಿಕೆ. ಸಾಮಾನ್ಯವಾಗಿ ಅದು ಸಾಲಗಾರ ತೀರಿಕೊಂಡರೆ ಬಾಕಿ ಹಣ ಸಾಲ ಕೊಟ್ಟವರಿಗೆ ಸಲ್ಲುವಂತೆ ಮಾಡಿದ ಏರ್ಪಾಡು. ಕೆಲಸ ಹೋದರೆ, ಕಾಯಿಲೆ ಬಿದ್ದರೆ ಸಿಗುವುದೋ ಇಲ್ಲವೋ ಎಂಬುದು ಕರಾರಿನ ಒಳಗೆ ಬರೆದಿರುತ್ತದೆ, ಹೆಸರಿನಲ್ಲಿ ಬರೆದಿರುವುದಿಲ್ಲ. ಹಾಗೆಯೇ ‘ಕುಟುಂಬ ಪಿಂಚಣಿ’. ಇದು ಕುಟುಂಬ ದೊಡ್ಡದೆಂದು ಹೆಚ್ಚಾಗಿ ಕೊಡುವ ಪಿಂಚಣಿಯಲ್ಲ. ದುಡಿದವನು ತೀರಿಕೊಂಡ ಮೇಲೆ ಹೆಂಡತಿಗೋ ಅರ್ಹರಾದ ಇತರರಿಗೋ ಸಲ್ಲುವಂಥದು. ಊರಿನಲ್ಲಿರುವ ಮನೆಯವರಿಗೆ ಈ ಎರಡು ಪದಗಳ ಕೊಂಡಿ ತಿಳಿಯದಿದ್ದರೆ, ಬರಬೇಕಾದ ಹಣಕ್ಕೆ ಅರ್ಜಿಯನ್ನೇ ಹಾಕದೆ ಉಳಿದಾರು. ನಾವಿರುವಾಗಲೇ ಅವರಿಗೆ ಬಿಡಿಸಿ ಹೇಳಿಡುವುದು ನಮ್ಮ ಕರ್ತವ್ಯ.

೫. ಮೂರು ಪ್ರಶ್ನೆಗಳು

ಆದ್ದರಿಂದ ಸಹಿ ಮಾಡುವ ಕಾಗದದಲ್ಲಿ, ಹಣದ ಲೆಕ್ಕದಲ್ಲಿ, ಹಕ್ಕಿನ ಮಾತಿನಲ್ಲಿ ಹೊಸ ಜೋಡುಪದ ಕಂಡರೆ ಹಳೆಯ ವಿಗ್ರಹವಾಕ್ಯವನ್ನು ನೆನೆಯಿರಿ. ಮೂರು ಪ್ರಶ್ನೆ ಸಾಕು.

ಒಂದು: ಇವೆರಡರಲ್ಲಿ ಯಜಮಾನ ಪದ ಯಾವುದು? ಕೈಗೆ ಬರುತ್ತಿರುವುದು ಬೋನಸ್ಸೋ, ಮುಂಗಡವೋ?

ಎರಡು: ನಡುವೆ ಬಿದ್ದುಹೋಗಿರುವ ಮಾತು ಯಾವುದು? ‘ಇಂದ’ವೋ, ‘ಗಾಗಿ’ಯೋ, ‘ಪ್ರತಿಯಾಗಿ’ಯೋ? ಅದನ್ನು ಬಾಯಿಬಿಟ್ಟು ಪೂರ್ಣ ವಾಕ್ಯವಾಗಿ ಹೇಳಿ ನೋಡಿರಿ.

ಮೂರು: ಆ ಮಾತನ್ನು ತುಂಬಿದವರು ಯಾರು? ಕಾಗದದಲ್ಲಿ ಬರೆದಿದೆಯೇ, ಬಲ್ಲವರು ಹೇಳಿದರೇ, ಇಲ್ಲವೇ ನಮ್ಮ ಮನಸ್ಸೇ ರೂಢಿಯಿಂದ ತುಂಬಿತೇ? ಮನಸ್ಸೇ ತುಂಬಿದ್ದಾದರೆ ಸಹಿಗೆ ಮುಂಚೆ ಕೇಳಿ ತಿಳಿಯತಕ್ಕದ್ದು.

ಕೇಳುವುದರಲ್ಲಿ ಸಂಕೋಚಪಡಬೇಕಾದದ್ದಿಲ್ಲ. ಕೊಂಡಿಯನ್ನು ಹೇಳದೆ ಬಿಟ್ಟವರು ಹೆಸರಿಟ್ಟವರು. ಬಿಟ್ಟದ್ದೇನೆಂದು ಕೇಳುವುದು ದಡ್ಡತನದ ಗುರುತಾಗದು. ಸಂತೆಯ ಮಾತಿಗೂ ಹರಟೆಗೂ ಇಷ್ಟು ತಪಾಸಣೆ ಬೇಡ; ಅಲ್ಲಿ ಮನಸ್ಸನ್ನು ಅದರ ಪಾಡಿಗೆ ಬಿಡಬಹುದು.

ಅಭ್ಯಾಸ

ಕೆಳಗಿನವನ್ನು ಬಿಡಿಸಿ ಬರೆಯಿರಿ. ಒಂದಕ್ಕಿಂತ ಹೆಚ್ಚು ಅರ್ಥ ಬಂದರೆ ಎಲ್ಲವನ್ನೂ ಬರೆಯಿರಿ.

(೧) ಮೆಣಸಿನಪುಡಿ, ಹಲ್ಲುಪುಡಿ, ಇರುವೆಪುಡಿ: ಮೂರು ಪುಡಿಗಳ ಕೊಂಡಿ ಯಾವುವು?

(೨) ಮಳೆನೀರು, ಮಳೆಗಾಲ, ಮಳೆಬಿಲ್ಲು: ಇವುಗಳಲ್ಲಿ ಮಳೆ ಮಾಡುವ ಕೆಲಸವೇನು?

(೩) ಬಾಡಿಗೆ ಠೇವಣಿ: ಇದು ಬಾಡಿಗೆಯೇ, ಹಿಂದಕ್ಕೆ ಬರುವ ಹಣವೇ? ನಿಮ್ಮ ಖೋಲಿಯ ಕರಾರಿನಲ್ಲಿ ಏನು ಬರೆದಿದೆ?

(೪) ರಜೆ ಪಗಾರ: ರಜೆಯಲ್ಲಿದ್ದಾಗ ಬರುವ ಪಗಾರವೇ, ರಜೆಯನ್ನು ಬಿಟ್ಟುಕೊಟ್ಟುದಕ್ಕೆ ಬರುವ ಹಣವೇ? ನಿಮ್ಮ ಕಚೇರಿಯಲ್ಲಿ ಯಾವ ಅರ್ಥ ನಡೆಯುತ್ತಿದೆಯೆಂದು ವಿಚಾರಿಸಿ ಬರೆಯಿರಿ.

(೫) ನೀವಿರುವ ನಾಡಿನ ಭಾಷೆಯಲ್ಲಿ ಕೇಳಿದ ಒಂದು ಜೋಡುಪದವನ್ನೂ, ಅದೇ ವಸ್ತುವಿಗೆ ನಿಮ್ಮ ಊರಿನಲ್ಲಿರುವ ಹೆಸರನ್ನೂ ಬರೆದು, ಎರಡರ ಕೊಂಡಿಯನ್ನು ಹೋಲಿಸಿರಿ.

ಉತ್ತರಗಳನ್ನು ವಾಚನಾಲಯದ ಮೇಜಿನ ಮೇಲಿರುವ ಪುಸ್ತಕದಲ್ಲಿ ಬರೆದಿಡಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಆದೀತು, ಬರೆದುಕೊಳ್ಳಲು ನಾವಿದ್ದೇವೆ. ಯಾವುದಾದರೂ ಕಾಗದದಲ್ಲಿ ಇಂಥ ಮಾತು ಬಂದು ತೊಡಕಾಗಿದ್ದರೆ ಆ ಕಾಗದವನ್ನೇ ತನ್ನಿರಿ. ಕೂಡಿ ಕುಳಿತು ಬಿಡಿಸೋಣ.